ರೈಲು ಕಾರ್ಟೂನ್ ನೋಡಿ ಮಗ ದೋಸ್ತಿ ಕಲಿತನಾ, ದಾದಾಗಿರಿ ಕಲಿತನಾ?

ಬಿಸಿಲೂರಿನ ಅಮ್ಮ, ಕಲಬುರಗಿ
ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಇದೆ, ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ಮಗನಿಗೆ ನಾಲ್ಕೂವರೆ, ಮಗಳಿಗೆ ಈಗಷ್ಟೇ ಮೂರು ತುಂಬಿತು. ನಮ್ಮೂರ ಏಪ್ರಿಲ್ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಹತ್ತರ ಮೇಲೆ ಅಂಗಳದ ಫರ್ಸಿ ಮೇಲೆ ಕಾಲಿಟ್ಟರೆ ಚುರ್ ಅನ್ನುತ್ತದೆ. ಹಾಗಾಗಿ ಮಧ್ಯಾಹ್ನ ಪೂರ್ತಿ ಇಬ್ಬರೂ ಕೂಲರ್ ಮುಂದೆ, ಟಿವಿ ಮುಂದೆ. ಮಗನಿಗೆ ರೈಲಿನ ಕಾರ್ಟೂನೇ ಆಗಬೇಕು. ಕಣ್ಣು ಮೂಗು ಬಾಯಿ ಇರುವ ಇಂಜಿನ್‌ಗಳು, ಒಂದು ಕೆಟ್ಟು ನಿಂತರೆ ಇನ್ನೊಂದು ಬಂದು ಎಳೆಯುತ್ತದೆ, ಕೊನೆಗೆ ಎಲ್ಲ ಸೇರಿ ಸೀಟಿ ಹೊಡೆಯುತ್ತವೆ. ಹೊಡೆದಾಟ ಇಲ್ಲ, ಬಂದೂಕು ಇಲ್ಲ, ಸ್ನೇಹ, ಒಗ್ಗಟ್ಟು ಅಂತ ಒಳ್ಳೆಯದನ್ನೇ ಹೇಳುತ್ತವೆ ಅಂದುಕೊಂಡು ನಾನೂ ಆರಾಮಾಗಿದ್ದೆ.

ಹೋದ ವಾರ ಏನಾಯಿತು ಅಂದ್ರೆ, ಮಗ ದಿಂಬು, ಚೊಂಬು, ರೊಟ್ಟಿ ಬುಟ್ಟಿ ಎಲ್ಲ ಸಾಲಾಗಿಟ್ಟು ಗಾಡಿ ಮಾಡಿದ್ದ. ಇಂಜಿನ್ ಅವನೇ, ಅದು ಬೇರೆ ಹೇಳಬೇಕಾ. ತಂಗಿ ಬಂದು "ನಾನೂ" ಅಂದಳು. "ನೀ ಡಬ್ಬಿ ಆಗು" ಅಂದ. ಆದಳು. ಅವನ ಅಂಗಿ ಹಿಡಿದುಕೊಂಡು ಎರಡು ಸುತ್ತು ಓಡಿದಳು, ಕಾಲು ಸೋತಿತು, ಕೂತುಬಿಟ್ಟಳು. ಇವನು ಸೊಂಟದ ಮೇಲೆ ಕೈ ಇಟ್ಟುಕೊಂಡು "ನೀನು ಯೂಸ್‌ಫುಲ್ ಇಲ್ಲ, ಶೆಡ್ಡಿಗೆ ಹಾಕ್ತೀನಿ" ಅಂದು ಅವಳನ್ನು ಬಚ್ಚಲಮನೆಗೆ ದೂಡಿ ಹೊರಗಿನಿಂದ ಚಿಲಕ ಹಾಕಿಬಿಟ್ಟ. ನಾನು ಒಲೆ ಮುಂದೆ ಇದ್ದೆ. ಅಳು ಕೇಳಿ ಓಡಿ ಬಂದರೆ ಇವನು ಬಾಗಿಲ ಮುಂದೆ ನಿಂತು ಕೂ ಅಂತಿದ್ದಾನೆ.

ಚಿಲಕ ಈಗ ಮೇಲಕ್ಕೆ ಹಾಕಿಸಿದ್ದೇನೆ, ಅದಕ್ಕೆ ಯಾರೂ ಬೈಯಬೇಡಿ. ನನ್ನ ಪ್ರಶ್ನೆ ಬೇರೆ. ಈ ಕಾರ್ಟೂನ್‌ಗಳು ನಿಜವಾಗಿಯೂ ದೋಸ್ತಿ, ಕೂಡಿ ಕೆಲಸ ಮಾಡುವುದು ಇದನ್ನೆಲ್ಲ ಕಲಿಸುತ್ತವಾ? ಇಲ್ಲ ನಾವೇ ಸುಮ್ನೆ ಹಾಗೆ ಅಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತೇವಾ?

ತೊಗರಿ ಕಣಜ
ಕ್ಷಮಿಸಿ ಅಕ್ಕಾರೆ, ನಗಬಾರದು ಅಂದುಕೊಂಡೆ. ಆದರೆ "ಬಾಗಿಲ ಮುಂದೆ ನಿಂತು ಕೂ" ಓದಿ ನಕ್ಕುಬಿಟ್ಟೆ.

ವಾಡಿ ಜಂಕ್ಷನ್
"ಯೂಸ್‌ಫುಲ್" ಅಂದ ಅಂದ್ರೆ ಯಾವುದು ಅಂತ ಗೊತ್ತಾಯಿತು. ಆ ನೀಲಿ ಇಂಜಿನ್‌ದು, ಥಾಮಸ್. ಅದರಲ್ಲಿ ಇಂಜಿನ್‌ಗೆ ಸಿಗುವ ದೊಡ್ಡ ಹೊಗಳಿಕೆಯೇ ಅದು, ನೀನು ಉಪಯೋಗಕ್ಕೆ ಬರುವ ಇಂಜಿನ್ ಅಂತ. ಟೋಪಿ ಹಾಕಿದ ದಪ್ಪ ಸಾಹೇಬರು ಬಂದು ಹಾಗೆ ಅಂದರೆ ಎಲ್ಲವಕ್ಕೂ ಹಬ್ಬ. ನಿಮ್ಮ ಮಗ ಆ ಸಾಹೇಬರ ಪಾತ್ರ ಮಾಡಿದ್ದಾನೆ, ಇಂಜಿನ್ ಪಾತ್ರ ಅಲ್ಲ!

ಬೀದರ್ ಕೋಟೆ ಹುಡುಗ
ಅದು ಅಮೆರಿಕದ ಕಾರ್ಟೂನ್. ಅಲ್ಲಿ ಎಲ್ಲ ಹಾಗೇ, ಕೆಲಸಕ್ಕೆ ಬಂದರೆ ಮಾತ್ರ ಬೆಲೆ.

ವಾಡಿ ಜಂಕ್ಷನ್
ಅಮೆರಿಕ ಅಲ್ಲ ತಮ್ಮಾ, ಇಂಗ್ಲೆಂಡಿನದು. ಒಬ್ಬ ಪಾದ್ರಿ ದಡಾರ ಬಂದು ಮಲಗಿದ್ದ ತನ್ನ ಮಗನಿಗೆ ಹೇಳಿದ ಕಥೆಗಳು ಅವು. ಪುಸ್ತಕವಾಗಿ ಮೊದಲು ಬಂದದ್ದು 1945ರಲ್ಲಿ. ಟಿವಿಗೆ ಬಂದದ್ದು 1984ರಲ್ಲಿ, ಆಗ ನಿಜವಾದ ಸಣ್ಣ ಮಾದರಿ ರೈಲುಗಳನ್ನೇ ಓಡಿಸಿ ಚಿತ್ರ ತೆಗೆಯುತ್ತಿದ್ದರು. ಕಂಪ್ಯೂಟರ್ ಆನಿಮೇಷನ್ ಆದದ್ದು 2009ರ ಹೊತ್ತಿಗೆ. ಆಮೇಲಿನ ಚಪ್ಪಟೆ ಚಿತ್ರದ್ದು ಬಂದದ್ದು 2021ರಲ್ಲಿ. ಹಳೆಯದಕ್ಕೂ ಹೊಸದಕ್ಕೂ ಬಹಳ ಫರಕು ಇದೆ. ನಿಮ್ಮ ಮಗ ಯಾವುದು ನೋಡ್ತಾನೆ ಅಕ್ಕಾರೆ?

ಬಿಸಿಲೂರಿನ ಅಮ್ಮ
ಎಲ್ಲಾ ಕಲಸುಮೇಲೋಗರ. ಒಂದು ಮುಗಿದರೆ ಯೂಟ್ಯೂಬ್ ತಾನೇ ಇನ್ನೊಂದು ಹಾಕುತ್ತದೆ. ಕೆಂಪು, ನೀಲಿ, ಹಸಿರು ಅಂತ ಮೂರು ಮರಿ ಇಂಜಿನ್ ಇರುವುದೂ ಒಂದಿದೆ.

ವಾಡಿ ಜಂಕ್ಷನ್
ಅದು ಚಗ್ಗಿಂಗ್ಟನ್. ವಿಲ್ಸನ್, ಬ್ರೂಸ್ಟರ್, ಕೋಕೋ. ಅದೂ ಇಂಗ್ಲೆಂಡಿನದೇ, 2008ರದು. ಅದರಲ್ಲಿ ಮೂರೂ ಇನ್ನೂ ಕಲಿಯುವ ಇಂಜಿನ್‌ಗಳು, ತಪ್ಪು ಮಾಡುತ್ತವೆ, ದೊಡ್ಡ ಇಂಜಿನ್‌ಗಳು ತಿದ್ದುತ್ತವೆ. ನನ್ನ ಮಟ್ಟಿಗೆ ಸಣ್ಣ ಮಕ್ಕಳಿಗೆ ಅದೇ ಒಳ್ಳೆಯದು. ನನ್ನ ಮಗಳು ಅದನ್ನೇ ನೋಡಿ ಬೆಳೆದಳು. ಈಗ ಹತ್ತನೇ ಕ್ಲಾಸು, ಇನ್ನೂ ಕೋಕೋ ಅಂದ್ರೆ ನಗ್ತಾಳೆ.

ಭೀಮಾ ದಂಡೆ
ಥಾಮಸ್ ಹಳೆಯ ಕಥೆ ಒಂದು ಹೇಳ್ತೀನಿ ಕೇಳಿ, ಆಮೇಲೆ ಇದು ಮಕ್ಕಳಿಗೆ ಒಳ್ಳೆಯದಾ ಅಂತ ನೀವೇ ಹೇಳಿ. ಹೆನ್ರಿ ಅಂತ ಒಂದು ಹಸಿರು ಇಂಜಿನ್. ಮಳೆ ಬಂದರೆ ಮೈ ಬಣ್ಣ ಹಾಳಾಗುತ್ತದೆ ಅಂತ ಸುರಂಗದಿಂದ ಹೊರಗೆ ಬರಲ್ಲ ಅನ್ನುತ್ತದೆ. ಎಲ್ಲರೂ ಎಳೆದರು, ತಳ್ಳಿದರು, ಬರಲಿಲ್ಲ. ಕೊನೆಗೆ ಏನು ಮಾಡಿದರು ಗೊತ್ತಾ? ಹಳಿ ಕಿತ್ತು, ಸುರಂಗದ ಬಾಯಿಗೆ ಇಟ್ಟಿಗೆ ಗೋಡೆ ಕಟ್ಟಿಬಿಟ್ಟರು! ಅದು ಒಳಗೇ ನಿಂತು ಬೇರೆ ಗಾಡಿಗಳು ಹೋಗುವುದನ್ನು ನೋಡ್ತಾ ಅಳುತ್ತದೆ. ಕಥೆ ಮುಗೀತು. ಈಗ ಹೇಳಿ, ಬಚ್ಚಲಮನೆ ಚಿಲಕ ಎಲ್ಲಿಂದ ಬಂತು ಅಂತ.

ತೊಗರಿ ಕಣಜ
ಮಳೆಗೆ ಹೊರಗೆ ಬರಲ್ಲ ಅಂತ ಹಠಾನಾ? ನಮ್ಮ ಕಡೆ ಇಂಜಿನ್ ಇದ್ದಿದ್ದರೆ ಬಿಸಿಲಿಗೆ ಬರಲ್ಲ ಅಂತಿತ್ತು. ಅದು ನ್ಯಾಯವೂ ಹೌದು. ಮಳೆ ಬಂದರೆ ನಮ್ಮ ಮಕ್ಕಳನ್ನು ಒಳಗೆ ಕರೆಯುವುದೇ ಕಷ್ಟ.

ವಾಡಿ ಜಂಕ್ಷನ್
ಭೀಮಾ ದಂಡೆ ಅವರೇ, ನೀವು ಅರ್ಧಕ್ಕೆ ನಿಲ್ಲಿಸಿದಿರಿ, ಇದು ಸರಿಯಲ್ಲ. ಮುಂದಿನ ಕಥೆಯಲ್ಲಿ ಗಾರ್ಡನ್ ಅನ್ನುವ ದೊಡ್ಡ, ಅಹಂಕಾರಿ ಇಂಜಿನ್ ಎಕ್ಸ್‌ಪ್ರೆಸ್ ಗಾಡಿ ಎಳೆಯುವಾಗ ಸರಿಯಾಗಿ ಆ ಸುರಂಗದ ಎದುರೇ ಕೆಟ್ಟು ನಿಲ್ಲುತ್ತದೆ. ಸಣ್ಣ ಇಂಜಿನ್ ಎಡ್ವರ್ಡ್ ಒಬ್ಬನ ಕೈಲಿ ಗಾಡಿ ಅಲುಗಲ್ಲ. ಆಗ ಗೋಡೆ ಒಡೆದು ಹೆನ್ರಿಯನ್ನು ಹೊರಗೆ ಬಿಡುತ್ತಾರೆ. ಎಡ್ವರ್ಡ್, ಹೆನ್ರಿ ಕೂಡಿ ಎಳೆದು ಗಾಡಿ ಮುಟ್ಟಿಸುತ್ತಾರೆ. ಬರುವಾಗ ಗಾರ್ಡನ್‌ನನ್ನೂ ಇಬ್ಬರೂ ಸೇರಿ ಮನೆಗೆ ಕರೆದುಕೊಂಡು ಬರುತ್ತಾರೆ. ಅಲ್ಲಿಂದ ಮೂವರೂ ದೋಸ್ತರು. ಇದಕ್ಕಿಂತ ಒಗ್ಗಟ್ಟಿನ ಕಥೆ ಇನ್ನೇನು ಬೇಕು?

ಭೀಮಾ ದಂಡೆ
ನೀವೇ ಒಪ್ಪಿಕೊಂಡಿರಲ್ಲ! ಯಾವಾಗ ಬಿಟ್ಟರು? ಕೆಲಸಕ್ಕೆ ಬೇಕಾದಾಗ. ಅವನು ಅಳುತ್ತಿದ್ದಾಗ ಯಾರಿಗೂ ಪಾಪ ಅನ್ನಿಸಲಿಲ್ಲ. ಗಾಡಿ ನಿಂತ ಮೇಲೆ ಹೆನ್ರಿ ನೆನಪಾದ. ಊರಲ್ಲಿ ಪಾಲು ಕೇಳುವಾಗ ಮಾತ್ರ ಅಣ್ಣ ತಮ್ಮ ಅನ್ನುವವರ ಹಾಗೆ. ದೋಸ್ತಿ ಅಂದ್ರೆ ಅದಾ?

ವಾಡಿ ಜಂಕ್ಷನ್
80 ವರ್ಷದ ಹಿಂದಿನ ಕಥೆ ಸ್ವಾಮಿ. ಆಗ ಶಾಲೆಯಲ್ಲಿ ಮೇಷ್ಟ್ರು ಮಕ್ಕಳನ್ನು ಕುರ್ಚಿ ಕೂರಿಸುತ್ತಿದ್ದರು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಅಂಗನವಾಡಿ ಟೀಚರ್, ಸುರಪುರ ಹತ್ತಿರ
ನಾನು ಟಿವಿ ಕಾರ್ಟೂನ್ ಬಗ್ಗೆ ಹೆಚ್ಚು ಹೇಳಲಾರೆ. ಆದರೆ ರೈಲಾಟ ವಾರಕ್ಕೆ ಮೂರು ದಿನ ಆಡಿಸುತ್ತೇನೆ. ಹಳೆಯ ಸೀರೆಯೊಂದಿದೆ, ಎರಡು ತುದಿ ಗಂಟು ಹಾಕಿ ದೊಡ್ಡ ಬಳೆ ಮಾಡಿದ್ದೇನೆ. ಹನ್ನೆರಡು ಹದಿಮೂರು ಮಕ್ಕಳು ಅದರೊಳಗೆ ನಿಂತು ಸೀರೆ ಹಿಡಿದು ನಡೆಯಬೇಕು. ನಮ್ಮ ಯಾದಗಿರಿ ಸ್ಟೇಷನ್ ನೋಡಿದ ಮಕ್ಕಳು ನನ್ನ ಗುಂಪಿನಲ್ಲಿ ನಾಲ್ಕೋ ಐದೋ, ಉಳಿದವಕ್ಕೆ ರೈಲು ಅಂದ್ರೆ ಗೋಡೆ ಮೇಲಿನ ಚಿತ್ರ. ಆದರೂ ಇಂಜಿನ್ ಯಾರು ಅನ್ನುವುದಕ್ಕೆ ಜಗಳ ಮಾತ್ರ ಎಲ್ಲರದೂ. ಟಿವಿಯೇ ಇಲ್ಲದ ಮನೆಯ ಮಗುವಿನದೂ.

ಮೊದಲ ವರ್ಷ ನಾನೂ ಬೈದು ಸುಮ್ಮನಾಗಿಸುತ್ತಿದ್ದೆ. ಆಮೇಲೆ ಒಂದು ಹುಡುಗಿಯಿಂದ ನಾನೇ ಕಲಿತೆ. ಇಂಜಿನ್ ಆದ ಹುಡುಗ ಜೋರಾಗಿ ಓಡಿದ, ಸೀರೆ ಎಳೆದು ಹಿಂದಿನ ಮೂರು ಮಕ್ಕಳು ದಬಕ್ಕನೆ ಬಿದ್ದರು. ಈ ಹುಡುಗಿ ಬೀಳಲಿಲ್ಲ, ಕಾಲು ಊರಿ ಸೀರೆ ಹಿಡಿದು ನಿಂತುಬಿಟ್ಟಳು. ಈಗ ಇಂಜಿನ್ ಎಷ್ಟು ಎಳೆದರೂ ಗಾಡಿ ಮುಂದೆ ಹೋಗಲ್ಲ! ಅವನು ತಿರುಗಿ ನೋಡಿದ. ಬಿದ್ದವರು ಎದ್ದು ಸೀರೆ ಹಿಡಿಯುವವರೆಗೂ ಅವಳು ಬಿಡಲಿಲ್ಲ. ಅವತ್ತಿನಿಂದ ನಿಯಮ ಮಾಡಿದೆ, ಹಿಂದಿನವರು "ಹೂಂ" ಅನ್ನುವವರೆಗೂ ಇಂಜಿನ್ ಹೊರಡುವ ಹಾಗಿಲ್ಲ. ಒಂದು ಸ್ಟೇಷನ್ ಬಂದರೆ ಇಂಜಿನ್ ಬದಲು.

ನಿಮ್ಮ ಮಗ ಕೆಟ್ಟ ಹುಡುಗ ಅಲ್ಲ ಅಕ್ಕಾ. ನಾಲ್ಕು ವರ್ಷಕ್ಕೆ ಎಲ್ಲರೂ ಇಂಜಿನ್ನೇ.

ಶಹಾಬಾದ್ ಕಲ್ಲು
ಟೀಚರ್ರೇ, ಕೊನೆಯ ಸಾಲು ಮಾತ್ರ ತಪ್ಪು. ನಮ್ಮ ಯಜಮಾನರಿಗೆ ನಲವತ್ತು ದಾಟಿದೆ, ಇನ್ನೂ ಇಂಜಿನ್ನೇ.

ಸೇಡಂ ರಸ್ತೆ ಡಾಕ್ಟರ್
ವಿಷಯಕ್ಕೆ ಬರೋಣ. ಯಾವ ಕಾರ್ಟೂನ್ ಅನ್ನುವುದಕ್ಕಿಂತ ಎಷ್ಟು ಹೊತ್ತು ಅನ್ನುವುದು ಮೊದಲು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಮುಂದೆ ಕೂರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ವರ್ಷ ತುಂಬದ ಕೂಸಿಗೆ ಬೇಡವೇ ಬೇಡ. ಮಧ್ಯಾಹ್ನ ಪೂರ್ತಿ ಅಂದಿರಲ್ಲ, ಅದು ಜಾಸ್ತಿ ಆಯಿತು.

ಬಿಸಿಲೂರಿನ ಅಮ್ಮ
ಗೊತ್ತು ಡಾಕ್ಟರೇ. ಆ ಸಂಸ್ಥೆಯವರನ್ನು ಒಂದು ಸಲ ಮೇ ತಿಂಗಳಲ್ಲಿ ನಮ್ಮ ಮನೆಗೆ ಕಳಿಸಿ. ಎರಡು ಮಕ್ಕಳು, ಒಂದು ಕೂಲರ್, ಮಧ್ಯೆ ಕರೆಂಟ್ ಬೇರೆ ಹೋಗುತ್ತದೆ. ಒಂದು ಗಂಟೆ ಆದ ಮೇಲೆ ಉಳಿದ ಐದು ಗಂಟೆ ಏನು ಮಾಡಿಸೋದು ಅಂತ ಅವರೇ ಹೇಳಲಿ.

ಸೇಡಂ ರಸ್ತೆ ಡಾಕ್ಟರ್
ನನಗೂ ಎರಡು ಮಕ್ಕಳಿವೆ, ನನ್ನ ಮನೆಯಲ್ಲೂ ಒಂದು ಗಂಟೆ ಆಗುತ್ತಿಲ್ಲ, ಅದು ನಮ್ಮೊಳಗೇ ಇರಲಿ. ಆದರೆ ಒಂದು ಮಾತ್ರ ಮಾಡಿ ನೋಡಿ. ಒಂದು ಕಥೆ ಮುಗಿದ ತಕ್ಷಣ ಮುಂದಿನದು ತಾನಾಗಿ ಬರುವುದನ್ನು ಬಂದ್ ಮಾಡಿ. ನಾಲ್ಕು ವರ್ಷದ ಮಗುವಿಗೆ ಕಥೆಯ ಕೊನೆಯ ನೀತಿ ಹಿಡಿಯುವುದು ಕಷ್ಟ, ಮಧ್ಯದ ಜಗಳ ಚೆನ್ನಾಗಿ ಹಿಡಿಯುತ್ತದೆ. ಹನ್ನೊಂದು ನಿಮಿಷದ ಕಥೆಯಲ್ಲಿ ಒಂಬತ್ತು ನಿಮಿಷ ಇಂಜಿನ್‌ಗಳು ಹಠ ಮಾಡುತ್ತವೆ, ಚೇಷ್ಟೆ ಮಾಡುತ್ತವೆ. ಕೊನೆಯ ಎರಡು ನಿಮಿಷ ಸಾರಿ ಕೇಳುತ್ತವೆ. ಮಗು ಯಾವುದನ್ನು ಆಡುತ್ತದೆ? ಆ ಒಂಬತ್ತು ನಿಮಿಷದ್ದನ್ನು. ಪಕ್ಕದಲ್ಲಿ ಕೂತು "ಅವನಿಗೆ ಯಾಕೆ ಅಳು ಬಂತು?" ಅಂತ ಒಂದು ಪ್ರಶ್ನೆ ಕೇಳಿ ಸಾಕು.

ತೊಗರಿ ಕಣಜ
ಧಾರಾವಾಹಿಯೂ ಅಷ್ಟೇ ಅಲ್ವಾ ಡಾಕ್ಟರೇ. ನಮ್ಮ ಆಯಿ ನೂರು ಸಂಚಿಕೆ ಅತ್ತೆಯ ಜಗಳ ನೋಡ್ತಾಳೆ, ಕೊನೆಯ ಸಂಚಿಕೆಯ ದಿನ ಮದುವೆಗೆ ಹೋಗಿರ್ತಾಳೆ.

ಕನ್ನಡ ಮೊದಲು
ಯಾರೂ ಮುಖ್ಯ ವಿಷಯ ಹೇಳುತ್ತಿಲ್ಲ. ಈ ಕಾರ್ಟೂನ್ ಎಲ್ಲ ಹಿಂದಿ, ಇಂಗ್ಲಿಷ್. ಮಗು "ಯೂಸ್‌ಫುಲ್" ಅಂತಿದೆ. ನೀವೂ ತಲೆಬರಹದಲ್ಲಿ ದೋಸ್ತಿ, ದಾದಾಗಿರಿ ಅಂತ ಬರೆದಿದ್ದೀರಿ. ಗೆಳೆತನ ಅನ್ನುವ ಚೆಂದದ ಪದ ಇಲ್ಲವಾ?

ಶಹಾಬಾದ್ ಕಲ್ಲು
ಅಣ್ಣಾರೆ, ನಮ್ಮ ಕಡೆ ದೋಸ್ತ ಅಂದ್ರೆ ಕನ್ನಡವೇ. ನಮ್ಮ ಮುತ್ಯಾನ ಕಾಲದಿಂದ ಇದೆ. ಗೆಳೆಯ ಅಂತ ಕರೆದರೆ ನನ್ನ ದೋಸ್ತ ನನಗೆ ಜ್ವರ ಬಂದಿದೆ ಅಂದುಕೊಳ್ತಾನೆ.

ಭೀಮಾ ದಂಡೆ
ಆದರೆ ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಚಿಂಟು ಟಿವಿ ಶುರುವಾದ ಹೊಸತರಲ್ಲಿ ನನ್ನ ಅಕ್ಕನ ಮಕ್ಕಳು ಕಾರ್ಟೂನ್ ಕನ್ನಡದಲ್ಲೇ ನೋಡುತ್ತಿದ್ದರು, 2009ರ ಸುಮಾರಿಗೆ. ಭಾಷೆ ಬೆಂಗಳೂರು ಕಡೆಯದು, ಇರಲಿ, ಜೊತೆಗೆ ಕೂತ ಆಯಿಗೂ ಕಥೆ ಅರ್ಥವಾಗುತ್ತಿತ್ತು, ನಡುವೆ ಏನಾದರೂ ಅನ್ನುತ್ತಿದ್ದಳು. ಈಗ ಇಂಗ್ಲಿಷಿನಲ್ಲಿ ಇಂಜಿನ್ ಏನೋ ಅಂದರೆ ಮನೆಯಲ್ಲಿ ಯಾರೂ ತಿದ್ದಲು ಬರಲ್ಲ. ಡಾಕ್ಟರು ಪಕ್ಕದಲ್ಲಿ ಕೂತು ಕೇಳಿ ಅಂದರು. ಏನು ನಡೀತಿದೆ ಅಂತ ತಿಳಿದರೆ ತಾನೇ ಕೇಳೋದು?

ಬೀದರ್ ಕೋಟೆ ಹುಡುಗ
ಕಾರ್ಟೂನ್ ಬಿಡಿ, ಮಗುವನ್ನು ನಿಜವಾದ ಗಾಡಿಗೆ ಹತ್ತಿಸಿ. ಬೀದರ್ ಕಲಬುರಗಿ ಲೈನ್ ಇರುವುದೇ ಅದಕ್ಕೆ. 110 ಕಿಲೋಮೀಟರ್, ಹುಮನಾಬಾದ್, ಕಮಲಾಪುರ ದಾಟಿ ಬರುತ್ತದೆ, ಮರಗುತ್ತಿ ಹತ್ತಿರ ಸುರಂಗವೂ ಇದೆ. ಸುರಂಗದೊಳಗೆ ಡಬ್ಬಿಯ ಅಷ್ಟೂ ಮಕ್ಕಳು ಒಟ್ಟಿಗೆ ಕಿರುಚುತ್ತಾರೆ. ಗುರುತು ಪರಿಚಯ ಇಲ್ಲದ ಮಕ್ಕಳು ಹೊರಗೆ ಬರುವಷ್ಟರಲ್ಲಿ ದೋಸ್ತರು.

ಶಹಾಬಾದ್ ಕಲ್ಲು
2017ರ ಅಕ್ಟೋಬರಿನಲ್ಲಿ ಉದ್ಘಾಟನೆ ಆಯಿತು ಆ ಲೈನ್. ಕೆಲಸ ಶುರುವಾದಾಗ ನಾನು ಹುಡುಗ, ಗಾಡಿ ಓಡುವಾಗ ನನ್ನ ಮಗ ಹುಡುಗ. ಗಾಡಿ ಇನ್ನೂ ನಾಲ್ಕು ಜಾಸ್ತಿ ಬಿಟ್ಟಿದ್ದರೆ ಚೆನ್ನಾಗಿತ್ತು.

ವಾಡಿ ಜಂಕ್ಷನ್
ಒಗ್ಗಟ್ಟಿನ ಮಾತು ಬಂದದ್ದಕ್ಕೆ ಹೇಳ್ತೀನಿ. 2014ರ ಹೊತ್ತಿಗೆ ಕಲಬುರಗಿ ಸ್ಟೇಷನ್ ಮಧ್ಯ ರೈಲ್ವೆಯ ಸೋಲಾಪುರ ವಿಭಾಗಕ್ಕೆ, ಬೀದರ್ ಸಿಕಂದರಾಬಾದಿಗೆ, ಯಾದಗಿರಿ ಗುಂತಕಲ್ಲಿಗೆ ಸೇರಿದ್ದವು. ಮೂರು ಜಿಲ್ಲೆ, ಮೂರು ಯಜಮಾನರು. ಕಲಬುರಗಿಗೇ ಒಂದು ವಿಭಾಗ ಕೊಡಿ ಅಂತ ಕೇಳ್ತಾ ಕೇಳ್ತಾ, ಆ ವರ್ಷ ಖರ್ಗೆ ಸಾಹೇಬರು ರೈಲ್ವೆ ಮಂತ್ರಿ ಆಗಿದ್ದಾಗ ಇನ್ನೇನು ಆಯಿತು ಅಂದುಕೊಂಡೆವು. ಆಗಲಿಲ್ಲ. ಇದರ ಮೇಲೆ ಯಾರಾದರೂ ಕಾರ್ಟೂನ್ ಮಾಡಬೇಕು.

ಬಿಸಿಲೂರಿನ ಅಮ್ಮ
ಅಣ್ಣಾರೆ, ಬಚ್ಚಲಮನೆಯಿಂದ ರೈಲ್ವೆ ವಿಭಾಗದವರೆಗೂ ಬಂದಿರಿ. ವಾಪಸ್ ಬನ್ನಿ.

ನಿವೃತ್ತ ಮುತ್ಯಾ
ತಂಗೀ, ನಾನು ರೈಲ್ವೆಯಲ್ಲಿ ಇಂಜಿನ್ ಮೇಲೆ ಕೆಲಸ ಮಾಡಿ ನಿವೃತ್ತನಾದವನು. ಮೊಮ್ಮಗ ಫೋನಿನಲ್ಲಿ ಇದನ್ನೆಲ್ಲ ಓದಿ ಹೇಳಿದ, ನಾನು ಹೇಳಿದ್ದನ್ನು ಅವನೇ ಬರೆಯುತ್ತಿದ್ದಾನೆ. ತಪ್ಪಿದ್ದರೆ ಅವನದು.

ಕಾರ್ಟೂನಿನಲ್ಲಿ ಇಂಜಿನ್ ತಾನೇ ಓಡುತ್ತದೆ. ಅದೇ ಮೊದಲ ಸುಳ್ಳು. ಇಂಜಿನ್ ಒಳಗೆ ಇಬ್ಬರು ಇರುತ್ತೇವೆ. ದೂರದಲ್ಲಿ ಸಿಗ್ನಲ್ ಕಂಡರೆ ಸಹಾಯಕ ಬಾಯಿ ಬಿಟ್ಟು ಹೇಳಬೇಕು, ಕೈ ತೋರಿಸಬೇಕು. ಡ್ರೈವರ್ ತಾನೂ ನೋಡಿ ಮತ್ತೆ ಹೇಳಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಆಗಲ್ಲ. ಮೂವತ್ತು ವರ್ಷ ಅನುಭವ ಇರುವ ಡ್ರೈವರ್ ಆದರೂ ನಿನ್ನೆ ಬಂದ ಹುಡುಗ "ಹಳದಿ" ಅಂದರೆ ಕಣ್ಣೆತ್ತಿ ನೋಡಬೇಕು. ಮಧ್ಯರಾತ್ರಿ ಎರಡು ಗಂಟೆಗೆ ನಿದ್ದೆ ಎಳೆಯುವಾಗ ನಮ್ಮನ್ನು ಉಳಿಸಿದ್ದು ಈ ಕೂಗಾಟವೇ. ನನ್ನ ಹೆಂಡತಿ ಅಂತಾಳೆ, ನಾನು ಈಗಲೂ ನಿದ್ದೆಯಲ್ಲಿ "ಹಸಿರು" ಅಂತೀನಂತೆ.

ಎರಡನೆಯದು. ಮುಂಬೈ ಕಡೆಯಿಂದ ನಮ್ಮೂರಿಗೆ ಬರುವ ಬಹಳಷ್ಟು ಗಾಡಿ ಕರ್ಜತ್‌ನಲ್ಲಿ ನಿಲ್ಲುತ್ತವೆ. ನೀವು ಬಟಾಟ ವಡಾ ತಿಂತೀರಿ, ಅಷ್ಟರಲ್ಲಿ ಹಿಂದೆ ಎರಡೋ ಮೂರೋ ಇಂಜಿನ್ ಹಚ್ಚುತ್ತಾರೆ. ಬ್ಯಾಂಕರ್ ಅಂತೀವಿ. ಲೋನಾವಳದವರೆಗೂ ಘಾಟು, 37 ಅಡಿ ಮುಂದೆ ಹೋದರೆ ಒಂದು ಅಡಿ ಏರು. ಮುಂದಿನ ಇಂಜಿನ್ ಎಳೆಯುತ್ತದೆ, ಹಿಂದಿನವು ತಳ್ಳುತ್ತವೆ. ಮೇಲೆ ಮುಟ್ಟಿದ ಮೇಲೆ ಹಿಂದಿನ ಇಂಜಿನ್ ಬಿಚ್ಚಿಕೊಂಡು ಸುಮ್ಮನೆ ಕೆಳಗೆ ಹೋಗುತ್ತವೆ. ಒಳಗೆ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ ಯಾರು ತಳ್ಳಿದರು ಅಂತ. ಕಾರ್ಟೂನಿನಲ್ಲಿ ಸಹಾಯ ಮಾಡಿದವನಿಗೆ ಎಲ್ಲರೂ ಸೀಟಿ ಹೊಡೆಯುತ್ತಾರೆ. ನಾವು ಬ್ಯಾಂಕರ್‌ನವರಿಗೆ ಕೈ ಬೀಸುತ್ತಿದ್ದೆವು, ಅಷ್ಟೇ.

ತೊಗರಿ ಕಣಜ
ಇಪ್ಪತ್ತು ವರ್ಷದಿಂದ ಮುಂಬೈಗೆ ಹೋಗಿ ಬರ್ತಿದ್ದೀನಿ ಕಾಕಾರೆ. ವಡಾ ಮಾರುವವರಿಗಾಗಿಯೇ ಗಾಡಿ ನಿಲ್ಲಿಸ್ತಾರೆ ಅಂದುಕೊಂಡಿದ್ದೆ.

ಬೀದರ್ ಕೋಟೆ ಹುಡುಗ
ಮುತ್ಯಾ, ವಂದೇ ಭಾರತ್ ಬಗ್ಗೆಯೂ ಹೇಳಿ. ನಮ್ಮ ಅಣ್ಣನ ಮಗ ಕಲಬುರಗಿ ಸ್ಟೇಷನ್‌ನಲ್ಲಿ ಅದನ್ನು ನೋಡಿ "ಇಂಜಿನ್ ಎಲ್ಲಿ?" ಅಂತ ಅಳೋಕೆ ಶುರು ಮಾಡಿದ.

ನಿವೃತ್ತ ಮುತ್ಯಾ
ಅದಕ್ಕೆ ಬೇರೆ ಇಂಜಿನ್ ಇಲ್ಲ ತಮ್ಮಾ. ಅರ್ಧ ಡಬ್ಬಿಗಳ ಅಡಿಯಲ್ಲೇ ಮೋಟಾರು ಇರುತ್ತವೆ, ಒಂದಿಷ್ಟು ಇಲ್ಲಿ, ಒಂದಿಷ್ಟು ಅಲ್ಲಿ. ಎಲ್ಲ ಒಟ್ಟಿಗೆ ತಿರುಗಿದರೆ ಗಾಡಿ ಓಡುತ್ತದೆ. ನಮ್ಮಂಥ ಹಳಬರಿಗೂ ಮೊದಲು ಅದು ಗಾಡಿ ಅನ್ನಿಸಲಿಲ್ಲ. ಮುಂದೆ ಒಬ್ಬ ಯಜಮಾನ ಇದ್ದರೆ ತಾನೇ ಕಣ್ಣಿಗೆ ಗಾಡಿ.

ಭೀಮಾ ದಂಡೆ
ಇದು! ಇದರ ಮೇಲೆ ಕಾರ್ಟೂನ್ ಮಾಡಿದರೆ ನಾನೂ ನೋಡ್ತೀನಿ. ಯಾರೂ ಇಂಜಿನ್ ಅಲ್ಲ, ಎಲ್ಲರೂ ಸ್ವಲ್ಪ ಸ್ವಲ್ಪ ಇಂಜಿನ್.

ಅಂಗನವಾಡಿ ಟೀಚರ್, ಸುರಪುರ ಹತ್ತಿರ
ಹಾಗೆ ಮಾಡಿದರೆ ಮಕ್ಕಳು ಆಡೋದೇ ಬಿಡ್ತಾರೆ ಅಣ್ಣಾ. ಅವಕ್ಕೆ ಕೂ ಅನ್ನೋಕೆ ಒಬ್ಬ ಬೇಕು. ಸರದಿ ಬದಲಾದರೆ ಸಾಕು.

ಮಾಂಜ್ರಾ ತೀರದ ತಾಯಿ, ಬೀದರ್
ಇಷ್ಟು ದಿನ ಸುಮ್ನೆ ಓದ್ತಿದ್ದೆ. ಇವತ್ತು ಬರೆಯಬೇಕು ಅನ್ನಿಸಿತು. ಥಾಮಸ್ ಬಗ್ಗೆ ಕೆಟ್ಟದ್ದು ಮಾತ್ರ ಹೇಳಿದಿರಿ, ನನ್ನ ಮಗನ ಕಥೆ ಬೇರೆ.

ನನ್ನ ಮಗನಿಗೆ ಆಟಿಸಂ ಇದೆ. ಆರು ವರ್ಷ. ಮಾತು ಕಡಿಮೆ. ರೈಲು ಅಂದ್ರೆ ಪ್ರಾಣ. ಗಾಡಿ ಯಾವ ಹೊತ್ತಿಗೆ, ಎಷ್ಟು ಡಬ್ಬಿ, ಎಲ್ಲ ಬಾಯಿಪಾಠ. ಓಣಿಯ ಮಕ್ಕಳು ಆಟಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ, ಸದ್ದು ಜಾಸ್ತಿ ಆದರೆ ಕಿವಿ ಮುಚ್ಚಿಕೊಂಡು ಕೂತುಬಿಡ್ತಾನೆ ಅಂತ. ಹೊಸ ಥಾಮಸ್‌ನಲ್ಲಿ ಬ್ರೂನೋ ಅಂತ ಒಂದು ಪಾತ್ರ ಬಂತು, 2022ರಲ್ಲಿ. ಅವನು ಇಂಜಿನ್ ಅಲ್ಲ, ಬ್ರೇಕ್ ಡಬ್ಬಿ, ಗಾಡಿಯ ಕೊನೆಯಲ್ಲಿ ಇರುತ್ತಾನೆ. ಅವನಿಗೂ ಆಟಿಸಂ. ಅವನಿಗೂ ವೇಳಾಪಟ್ಟಿ ಎಲ್ಲ ಬಾಯಿಗೆ ಬರುತ್ತದೆ, ಜೋರು ಸದ್ದು ಆಗಲ್ಲ. ಆ ಪಾತ್ರಕ್ಕೆ ದನಿ ಕೊಟ್ಟವರೂ ಆಟಿಸಂ ಇರುವವರೇ. ನನ್ನ ಮಗ ಅದನ್ನು ನೋಡುವಾಗ ಟಿವಿ ಹತ್ತಿರ ಹೋಗಿ ಬ್ರೂನೋ ಮೇಲೆ ಕೈ ಇಟ್ಟ. ಏನೂ ಅನ್ನಲಿಲ್ಲ. ಸುಮ್ಮನೆ ಕೈ ಇಟ್ಟುಕೊಂಡು ನಿಂತಿದ್ದ.

ಆಮೇಲೆ ಪಕ್ಕದ ಮನೆಯ ಇಬ್ಬರು ಹುಡುಗಿಯರಿಗೂ ಅದನ್ನೇ ತೋರಿಸಿದೆ. ಅವರು ಈಗ ರೈಲಾಟ ಆಡುವಾಗ ಇವನನ್ನು ಕೊನೆಯ ಡಬ್ಬಿ ಮಾಡುತ್ತಾರೆ. ಮೊದಲು ನನಗೆ ಹೊಟ್ಟೆಯಲ್ಲಿ ಹಿಂಡಿದ ಹಾಗಾಯಿತು, ನನ್ನ ಮಗನನ್ನೇ ಕೊನೆಗೆ ಯಾಕೆ ನಿಲ್ಲಿಸ್ತಾರೆ ಅಂತ. ಅವನು ಮಾತ್ರ ಆರಾಮಾಗಿದ್ದಾನೆ. ಹಿಂದೆ ಯಾರೂ ಇರಲ್ಲ, ಯಾರೂ ದೂಡಲ್ಲ, ಅವನಿಗೆ ಅದೇ ಬೇಕಿತ್ತು.

ಬಿಸಿಲೂರಿನ ಅಮ್ಮ
ಅಕ್ಕಾ, ಓದಿ ಏನು ಬರೆಯಬೇಕು ತಿಳಿಯಲಿಲ್ಲ. ಮಗನಿಗೆ ನನ್ನ ಕಡೆಯಿಂದ ಒಂದು ಮುದ್ದು.

ಭೀಮಾ ದಂಡೆ
ಹೆನ್ರಿ ವಿಷಯದಲ್ಲಿ ನನ್ನ ಮಾತು ಹಾಗೇ ಇರಲಿ. ಬ್ರೂನೋ ವಿಷಯದಲ್ಲಿ ಸೋತೆ.

ನಿವೃತ್ತ ಮುತ್ಯಾ
ಬೀದರಿನ ತಂಗಿಗೆ ಒಂದು ಮಾತು. ಕೊನೆಯ ಡಬ್ಬಿ ಅಂದ್ರೆ ಕಡಿಮೆ ಅಲ್ಲವ್ವಾ. ಗಾಡಿಯ ಹಿಂದೆ ಎಲ್‌ವಿ ಅಂತ ಬರೆದ ಸಣ್ಣ ಬೋರ್ಡು ನೇತು ಹಾಕಿರುತ್ತಾರೆ, ನೋಡಿರುತ್ತೀರಿ. ಲಾಸ್ಟ್ ವೆಹಿಕಲ್ ಅಂತ. ರಾತ್ರಿ ಕೆಂಪು ದೀಪ. ಗಾಡಿ ಸ್ಟೇಷನ್ ದಾಟುವಾಗ ಅಲ್ಲಿನವರು ಇಂಜಿನ್ ನೋಡಿ ಸುಮ್ಮನಾಗುವುದಿಲ್ಲ, ಆ ಬೋರ್ಡು ಕಂಡ ಮೇಲೆಯೇ ಗಾಡಿ ಪೂರ್ತಿ ಬಂತು ಅಂತ ಬರೆದುಕೊಳ್ಳುವುದು. ಅದು ಕಾಣದಿದ್ದರೆ ಎಲ್ಲೋ ಡಬ್ಬಿ ಕಳಚಿದೆ ಅಂತ ಅರ್ಥ, ಹಿಂದಿನ ಗಾಡಿ ಬಿಡುವ ಹಾಗಿಲ್ಲ. ಇಂಜಿನ್ ಬಂದರೆ ಗಾಡಿ ಬಂದ ಹಾಗಲ್ಲ, ನಿನ್ನ ಮಗ ಬಂದರೆ ಬಂದ ಹಾಗೆ.

ಅಲ್ಲೇ ಗಾರ್ಡ್ ಇರುತ್ತಾನೆ. ಅವನು ಹಸಿರು ಝಂಡಿ ತೋರಿಸದೆ ನಾನು ಎಷ್ಟು ದೊಡ್ಡ ಡ್ರೈವರ್ ಆದರೂ ಪ್ಯಾಸೆಂಜರ್ ಗಾಡಿ ಬಿಡುವ ಹಾಗಿರಲಿಲ್ಲ. ಕಲಬುರಗಿ ತಂಗಿ, ನಿನ್ನ ಮಗಳನ್ನು ಡಬ್ಬಿ ಮಾಡಬೇಡ. ಗಾರ್ಡ್ ಮಾಡು. ಕೈಗೆ ಝಂಡಿ ಕೊಡು. ಹತ್ತು ರೂಪಾಯಿ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಇಬ್ಬರನ್ನೂ ಒಂದು ಸಂಜೆ ಸ್ಟೇಷನ್‌ಗೆ ಕರೆದುಕೊಂಡು ಹೋಗು, ಇಂಜಿನ್ ಕಡೆ ಅಲ್ಲ, ಹಿಂದಿನ ತುದಿಗೆ.

ವಾಡಿ ಜಂಕ್ಷನ್
ಒಂದು ತಿದ್ದುಪಡಿ ಕಾಕಾರೆ, ಈಗ ಗಾರ್ಡ್ ಅನ್ನುವ ಹಾಗಿಲ್ಲ. 2022ರ ಜನವರಿಯಿಂದ ಟ್ರೇನ್ ಮ್ಯಾನೇಜರ್.

ನಿವೃತ್ತ ಮುತ್ಯಾ
ಗೊತ್ತು. ಹೆಸರು ಬದಲಾಗಿದೆ, ಡಬ್ಬಿ ಅಷ್ಟೇ ಅಲುಗಾಡುತ್ತದೆ.

ಕನ್ನಡ ಮೊದಲು
ಮ್ಯಾನೇಜರ್ ಬದಲು ಕನ್ನಡದಲ್ಲಿ

ಶಹಾಬಾದ್ ಕಲ್ಲು
ಬೇಡ ಅಣ್ಣಾರೆ, ಕೈ ಮುಗೀತೀನಿ.

ಬಿಸಿಲೂರಿನ ಅಮ್ಮ
ಎಂಟು ದಿನ ಆದ ಮೇಲೆ ಬರೀತಿದ್ದೀನಿ. ಮುತ್ಯಾ ಹೇಳಿದ ಹಾಗೆ ಶನಿವಾರ ಸಂಜೆ ಸ್ಟೇಷನ್‌ಗೆ ಹೋದೆವು. ಮೊದಲು ಒಂದು ಗೂಡ್ಸ್ ಬಂತು. ಮಗ ಇಂಜಿನ್ ಕಂಡು ಕುಣಿದ, ಅದು ಹೋಯಿತು, ಅವನ ಪಾಲಿಗೆ ಗಾಡಿ ಮುಗೀತು. ನಾನು "ನಿಲ್ಲು, ಎಣಿಸು" ಅಂದೆ. ಅವನಿಗೆ ಇಪ್ಪತ್ತರವರೆಗೆ ಬರುತ್ತದೆ, ಇಪ್ಪತ್ತಾದ ಮೇಲೆ ಮತ್ತೆ ಒಂದರಿಂದ ಶುರು ಮಾಡಿದ. ಎರಡು ಸಲ ಇಪ್ಪತ್ತು ಆಗಿ ಇನ್ನೂ ಸ್ವಲ್ಪ ಇತ್ತು. ಕೊನೆಗೆ ಆ ಬೋರ್ಡು ಬಂತು. ಮಗಳು ಅದನ್ನು ತೋರಿಸಿ "ಬಾಲ" ಅಂದಳು.

ಆಮೇಲೆ ಸೋಲಾಪುರ ಕಡೆ ಹೋಗುವ ಒಂದು ಗಾಡಿ ನಿಂತಿತ್ತು. ಹಿಂದಿನ ಡಬ್ಬಿಯಲ್ಲಿ ಬಿಳಿ ಅಂಗಿಯ ಗಾರ್ಡ್ ಬಾಗಿಲಲ್ಲಿ ನಿಂತಿದ್ದರು. ಮಗಳು ನೋಡ್ತಾ ನಿಂತಳು. ಅವರು ಮುಂದೆ ಬಾಗಿ ಹಸಿರು ಝಂಡಿ ಬೀಸಿದರು, ಎಲ್ಲೋ ದೂರದಲ್ಲಿ ಇಂಜಿನ್ ಕೂಗಿತು, ಗಾಡಿ ಅಲುಗಿತು. ಹೋಗ್ತಾ ಹೋಗ್ತಾ ಮಗಳಿಗೂ ಒಂದು ಸಲ ಝಂಡಿ ಅಲ್ಲಾಡಿಸಿದರು. ಮಗನ ಮುಖ ನೋಡಬೇಕಿತ್ತು. "ಅವರು ಹೇಳಿದ್ದಕ್ಕೆ ಇಂಜಿನ್ ಹೋಯ್ತಾ?" ಅಂತ ಮನೆ ಮುಟ್ಟುವವರೆಗೂ ನಾಲ್ಕು ಸಲ ಕೇಳಿದ.

ನನ್ನ ಹಸಿರು ಬ್ಲೌಸ್ ಪೀಸು ಒಂದು ಹೋಯಿತು. ಕೋಲಿಗೆ ಕಟ್ಟಿ ಮಗಳ ಕೈಗೆ ಕೊಟ್ಟೆ. ಈಗ ಆಟ ತಿರುಗಿದೆ. ಅವಳು ತೋರಿಸದೆ ಇವನು ಹೊರಡುವ ಹಾಗಿಲ್ಲ, ಅವಳಿಗೆ ತೋರಿಸುವ ಮನಸ್ಸಿಲ್ಲ. ನಿನ್ನೆ ಅವನು ನನ್ನ ಹತ್ತಿರ ದೂರು ತಂದ, "ಮಮ್ಮಿ, ಅವಳು ಝಂಡಿ ತೋರಿಸ್ತಿಲ್ಲ". ಹೋಗಿ ಕೇಳಿದರೆ "ಡಬ್ಬಿ ಬಂದಿಲ್ಲ" ಅಂತಾಳೆ. ಹೌದು, ರೊಟ್ಟಿ ಬುಟ್ಟಿ ನಾನು ಅಡುಗೆಮನೆಗೆ ತಂದಿದ್ದೆ. ಅದನ್ನು ವಾಪಸ್ ಇಟ್ಟ ಮೇಲೆಯೇ ಬೀಸಿದಳು. ಜಗಳ ನಿಂತಿದೆ ಅಂತ ತಿಳಿಯಬೇಡಿ, ದಿನಕ್ಕೆ ಎಂಟು ಹತ್ತು ಇದ್ದೇ ಇದೆ. ಕಾರ್ಟೂನೂ ಪೂರ್ತಿ ಬಿಟ್ಟಿಲ್ಲ, ಮುಂದಿನದು ತಾನಾಗಿ ಬರುವುದನ್ನು ಮಾತ್ರ ಬಂದ್ ಮಾಡಿದ್ದೇನೆ.

ಅಂಗನವಾಡಿ ಟೀಚರ್, ಸುರಪುರ ಹತ್ತಿರ
"ಡಬ್ಬಿ ಬಂದಿಲ್ಲ" ಅಂದಳಾ? ಅವಳನ್ನು ನಮ್ಮ ಅಂಗನವಾಡಿಗೆ ಕಳಿಸಿ, ಹದಿಮೂರು ಡಬ್ಬಿ ಇವೆ.

ನಿವೃತ್ತ ಮುತ್ಯಾ
ಮುತ್ಯಾ ಎರಡು ಸಲ ಓದಿಸಿಕೊಂಡರು. ಏನೂ ಹೇಳಲಿಲ್ಲ, ಚಹಾ ಕೇಳಿದರು. ಇದು ಮೊಮ್ಮಗ ಬರೆದದ್ದು.

ತೊಗರಿ ಕಣಜ
ಅಕ್ಕಾರೆ, ಇವತ್ತಿನ ಗಾಡಿ ಹೊರಟಿತಾ?

ಬಿಸಿಲೂರಿನ ಅಮ್ಮ
ಇಲ್ಲ, ಹನ್ನೆರಡು ನಿಮಿಷ ಲೇಟ್. ಮ್ಯಾನೇಜರ್ ಬಚ್ಚಲಮನೆಗೆ ಹೋಗಿದ್ದಾರೆ, ಝಂಡಿ ಜೊತೆಗೇ ಒಯ್ದಿದ್ದಾರೆ. ಇಂಜಿನ್ ಬಾಗಿಲ ಹೊರಗೆ ಕಾಯ್ತಾ ನಿಂತಿದೆ.